ಎಷ್ಟು ಮನಸ್ಸು ಬಿಚ್ಚಿದ್ದಾರೆ ಅಂತ ಅಳೆಯೋದು ಹೇಗೆ

ಜನ ನೆಟ್‌ನಲ್ಲಿ ತಮ್ಮ ಬಗ್ಗೆ ಬರೆದುಕೊಳ್ಳುತ್ತಾರಲ್ಲ, ಅದನ್ನು ಅಳೆಯಬೇಕು ಅಂದರೆ ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಎಷ್ಟೊಂದು ಹೇಳಿದ್ದಾರೆ ಅನ್ನುವುದು ಒಂದು, ಎಷ್ಟು ಒಳಗಿನದ್ದು ಹೇಳಿದ್ದಾರೆ ಅನ್ನುವುದು ಇನ್ನೊಂದು. ಆಲ್ಟ್‌ಮನ್ ಮತ್ತು ಟೇಲರ್ ಅನ್ನುವ ಮನಶ್ಶಾಸ್ತ್ರಜ್ಞರು 1973ರಲ್ಲೇ ಇದನ್ನು ಅಗಲ, ಆಳ ಅಂದರು. ನಮಗೆ ಬೇಕಿರುವುದು ಆಳ.

ಬರಹವನ್ನು ಒಡೆದು ಎಕ್ಸೆಲ್‌ಗೆ ಹಾಕಿ, ಸಾಲಿಗೊಂದು ವಾಕ್ಯ. ತನ್ನ ಬಗ್ಗೆ ಏನೂ ಇಲ್ಲದಿದ್ದರೆ 0. ಉಳಿದದ್ದಕ್ಕೆಲ್ಲ ಒಂದೇ ಪ್ರಶ್ನೆ: ಈ ಮಾತನ್ನು ಎದುರೆದುರು ಯಾರಿಗೆ ಹೇಳುತ್ತಾರೆ? "ಮಲ್ಲೇಶ್ವರದಲ್ಲಿ ರೂಮ್ ಮಾಡಿದ್ದೀನಿ" ಅಂತ ಯಾರಿಗೆ ಬೇಕಾದರೂ ಹೇಳಬಹುದು, 1. "ಹಳೇ ಓನರ್ ಅಡ್ವಾನ್ಸ್ ಕೊಟ್ಟಿಲ್ಲ, ಕೈಯಲ್ಲಿ ಕಾಸಿಲ್ಲ" ಅನ್ನುವುದು ಗೆಳೆಯರಿಗೆ, 2. "ಕೆಲಸ ಹೋಗಿರೋದು ಅಮ್ಮನಿಗೆ ಹೇಳಿಲ್ಲ, ದಿನಾ ಬ್ಯಾಗ್ ಹಾಕ್ಕೊಂಡು ಹೊರಟು ಲಾಲ್‌ಬಾಗ್‌ನಲ್ಲಿ ಕೂತು ಸಂಜೆ ವಾಪಸ್." ಇದು ತೀರಾ ಆಪ್ತರಿಗೆ ಮಾತ್ರ, 3.

ಆ ಕೊನೆಯದನ್ನು ಇನ್ನೊಮ್ಮೆ ಓದಿ. ದುಃಖ, ಭಯ, ನಾಚಿಕೆ ಅನ್ನುವ ಒಂದು ಪದವೂ ಇಲ್ಲ. 'ನಾನು' ಕೂಡ ಇಲ್ಲ! ಇಂಗ್ಲಿಷ್ ಬರಹದಲ್ಲಿ 'ಐ' ಎಷ್ಟು ಸಲ ಬಂತು ಅಂತ ಎಣಿಸುವ ಸಾಫ್ಟ್‌ವೇರ್ ಇದೆ, ಆದರೆ ಕನ್ನಡದಲ್ಲಿ 'ನಾನು' ಕ್ರಿಯಾಪದದ ಬಾಲದಲ್ಲೇ ಸೇರಿಕೊಂಡಿರುತ್ತದೆ, 'ಹೇಳಿಲ್ಲ'ದಲ್ಲಂತೂ ಆ ಬಾಲವೂ ಇಲ್ಲ, ಹೇಳದೆ ಇದ್ದದ್ದು ನಾನೋ ಅವಳೋ ಅಂತ ಹಿಂದೆಮುಂದೆ ಓದಿಯೇ ತಿಳಿಯಬೇಕು. ಪದ ಎಣಿಸಿ ಗೆಲ್ಲಕ್ಕಾಗಲ್ಲ, ಸುಮ್ನೆ ಕೂತು ಓದಿ. ಸಂಗತಿಗೆ ಒಂದು ಕಾಲಂ, ಭಾವನೆಗೆ ಇನ್ನೊಂದು ಇಡಿ. ಲಾಲ್‌ಬಾಗ್ ವಾಕ್ಯಕ್ಕೆ ಸಂಗತಿಯಲ್ಲಿ 3, ಭಾವನೆಯಲ್ಲಿ 0.

ಇನ್ನೊಬ್ಬರೂ ಅದೇ ವಾಕ್ಯಗಳಿಗೆ ನಿಮ್ಮದನ್ನು ನೋಡದೆ ಅಂಕ ಹಾಕಬೇಕು. ನಾನೂ ನನ್ನ ಗೆಳೆಯನೂ ಸಂಬಳದ ವಿಷಯಕ್ಕೇ ಜಗಳವಾಡಿದ್ದೆವು. ನನಗದು 3, ಅವನಿಗೆ 1, ಯಾಕೆಂದರೆ ಅವನ ಪ್ರಕಾರ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜುರಾರ್ಡ್ 1958ರಲ್ಲಿ ವಿದ್ಯಾರ್ಥಿಗಳನ್ನು ಕೇಳಿದಾಗ ದುಡ್ಡು, ಮೈ, ಸ್ವಭಾವ ಇವನ್ನೇ ಜನ ಕಡಿಮೆ ಬಿಟ್ಟುಕೊಟ್ಟಿದ್ದರು. ಅದು ಅವರ ಊರಿನ ಮಾತು, ಬೆಂಗಳೂರಿಗೆ ನಾವೇ ನಿಯಮ ಬರೆದುಕೊಂಡು 2ಕ್ಕೆ ಒಪ್ಪಿಕೊಂಡೆವು.

ಆಮೇಲೆ ಕೋಹೆನ್ ಕಪ್ಪಾ ಲೆಕ್ಕ ಹಾಕಿ, ಅಂದರೆ ಇಬ್ಬರ ಅಂಕ ಅದೃಷ್ಟಕ್ಕಿಂತ ಎಷ್ಟು ಹೆಚ್ಚು ಹೊಂದಿತು ಅನ್ನುವ ಅಳತೆ. 100ಕ್ಕೆ 80 ಹೊಂದಿತು ಅಂತ ಖುಷಿಪಡಬೇಡಿ, ಅದರಲ್ಲಿ 50 ಸುಮ್ನೆ ಅದೃಷ್ಟಕ್ಕೇ ಹೊಂದುವಂಥದ್ದಾದರೆ ಉಳಿದ 50ರಲ್ಲಿ 30, ಅಂದರೆ 0.6 ಅಷ್ಟೇ.

ವರದಿಯಲ್ಲಿ ಮಾತ್ರ ಯಾರ ವಾಕ್ಯವನ್ನೂ ಹಾಗೇ ಎತ್ತಿ ಹಾಕಬೇಡಿ, ಗೂಗಲ್‌ಗೆ ಕೊಟ್ಟರೆ ಬರೆದವರೇ ಸಿಕ್ಕಿಬಿಡಬಹುದು. ಮೇಲಿನ ಲಾಲ್‌ಬಾಗ್ ವಾಕ್ಯವೂ ನಾನೇ ಕಟ್ಟಿದ್ದು.