ಭರಣಿಗೆ ಇಳಿಯದ ಆಬ್ಜೆಕ್ಟ್‌ಗಳು

ತೀರ್ಥಹಳ್ಳಿಯ ಆಷಾಢದ ಮಳೆಗೆ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಭಾವನ ಅಡಿಕೆ ಲೆಕ್ಕಕ್ಕೆ ನಾನು ಬರೆದ ಪೈಥಾನ್ ಪ್ರೋಗ್ರಾಂ ರಾಶಿ, ಬೆಟ್ಟೆ, ಗೊರಬಲು ಎಂದು ಕೂಡಿಸುತ್ತಾ ಅರ್ಧಕ್ಕೇ ನಿಂತುಬಿಡುತ್ತಿತ್ತು. ಆಗಾಗ ಡಿಸ್ಕ್‌ಗೆ ಬರೆದಿಡೋಣ ಎಂದು ಪಿಕಲ್ ಹಾಕಿದೆ; ಪೈಥಾನ್ ಆಬ್ಜೆಕ್ಟ್‌ಗಳನ್ನು ಫೈಲ್‌ಗೆ ಇಳಿಸಿ, ಬೇಕಾದಾಗ ವಾಪಸ್ ತರುವ ಮಾಡ್ಯೂಲ್ ಅದು. ತಕ್ಷಣ ಟೈಪ್‌ಎರರ್: ಎಸ್‌ಕ್ಯೂಲೈಟ್ ಕನೆಕ್ಷನ್, ಅಂದರೆ ಡೇಟಾಬೇಸ್ ಫೈಲ್‌ಗಿರುವ ಕೊಂಡಿ, ಪಿಕಲ್ ಆಗುವುದಿಲ್ಲವಂತೆ.

ಪಿಕಲ್ ಅಂದರೆ ಉಪ್ಪಿನಕಾಯಿ, ಅಲ್ವಾ? ಅಪ್ಪೆಮಿಡಿ ಹಾಕುವವರಿಗೆ ಗೊತ್ತು, ಒಂದು ಮಿಡಿ ಕೊಳೆತರೆ ಭರಣಿಯೇ ಕೆಡುತ್ತದೆ. ಇಲ್ಲೂ ಹಾಗೇ. ಆಬ್ಜೆಕ್ಟ್ ಒಳಗೆ ಇಟ್ಟ 20 ಅಟ್ರಿಬ್ಯೂಟ್‌ಗಳಲ್ಲಿ ಒಂದು ಕೈಕೊಟ್ಟರೂ ಇಡೀ ಆಬ್ಜೆಕ್ಟ್ ಸೇವ್ ಆಗುವುದಿಲ್ಲ.

ಮೊದಲು ಆ ಮಿಡಿ ಯಾವುದು ಹುಡುಕಿ. ಅಟ್ರಿಬ್ಯೂಟ್‌ಗಳೆಲ್ಲ ಇರುವ ಆಬ್ಜೆಕ್ಟ್‌ನ ಡಿಕ್ಷನರಿ ಮೇಲೆ ಲೂಪ್ ಹಾಕಿ, ಒಂದೊಂದನ್ನೇ ಎರರ್ ಹಿಡಿಯುವ ಟ್ರೈ ಒಳಗೆ ಪಿಕಲ್ ಮಾಡಿ ನೋಡಿ. ಬಿದ್ದದ್ದರ ಹೆಸರು ಪ್ರಿಂಟ್ ಆಗಲಿ. ನನಗೆ ಎರಡು ಸಿಕ್ಕವು: ಕನೆಕ್ಷನ್, ಜೊತೆಗೊಂದು ಥ್ರೆಡ್ ಲಾಕ್ (ಎರಡು ಕೆಲಸ ಒಟ್ಟಿಗೆ ಒಂದೇ ಡೇಟಾ ಮುಟ್ಟದಂತೆ ತಡೆಯುವ ಬೀಗ). ಎರಡೂ ಓಡುತ್ತಿರುವ ಪ್ರೋಸೆಸ್‌ಗೆ ಅಂಟಿಕೊಂಡವು. ಅದು ನಿಂತ ಮೇಲೆ ಅವಕ್ಕೆ ಅರ್ಥವಿಲ್ಲ.

ಆಮೇಲೆ ಕ್ಲಾಸ್‌ಗೆ ಎರಡು ಮೆಥಡ್ ಸೇರಿಸಿ: ಗೆಟ್‌ಸ್ಟೇಟ್, ಸೆಟ್‌ಸ್ಟೇಟ್. ಹೆಸರಿನ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರಲಿ. ಗೆಟ್‌ಸ್ಟೇಟ್‌ನಲ್ಲಿ ಡಿಕ್ಷನರಿಯನ್ನು ಕಾಪಿ ಮಾಡಿ, ಕಾಪಿಯಿಂದ ಕನೆಕ್ಷನ್, ಲಾಕ್ ತೆಗೆದು, ಉಳಿದದ್ದನ್ನು ರಿಟರ್ನ್ ಮಾಡಿ. ಕಾಪಿ ಮಾಡುವುದನ್ನು ಮಾತ್ರ ಮರೆಯಬೇಡಿ. ನಾನು ಮರೆತಿದ್ದೆ. ಫೈಲ್ ಚೆನ್ನಾಗಿಯೇ ಸೇವ್ ಆಯಿತು. ಮುಂದಿನ ಮೂಟೆಯ ತೂಕ ಹಾಕಿದರೆ, ಕನೆಕ್ಷನ್ ಎಂಬ ಅಟ್ರಿಬ್ಯೂಟೇ ಇಲ್ಲ ಎಂದು ಪ್ರೋಗ್ರಾಂ ಬಿತ್ತು. ಓಡುತ್ತಿದ್ದ ಆಬ್ಜೆಕ್ಟ್‌ನಿಂದಲೇ ಅದನ್ನು ಕಿತ್ತುಹಾಕಿದ್ದೆ! "ಈಗ ಕರೆಂಟ್ ಇದ್ದರೂ ನಿಲ್ತದಲ್ಲ ಮಾರಾಯ" ಎಂದರು ಭಾವ.

ಸೆಟ್‌ಸ್ಟೇಟ್‌ನಲ್ಲಿ ಡಿಕ್ಷನರಿಯನ್ನು ವಾಪಸ್ ತುಂಬಿಸಿ. ಲೋಡ್ ಆಗುವಾಗ ಪಿಕಲ್ ಸಾಮಾನ್ಯವಾಗಿ ಇನಿಟ್ ಅನ್ನು, ಅಂದರೆ ಹೊಸ ಆಬ್ಜೆಕ್ಟ್ ಮಾಡುವಾಗ ಓಡುವ ಮೆಥಡ್ ಅನ್ನು, ಕರೆಯುವುದಿಲ್ಲ. ಹಾಗಾಗಿ ಕನೆಕ್ಷನ್ ಮತ್ತೆ ತೆರೆಯುವುದು, ಹೊಸ ಲಾಕ್ ಮಾಡುವುದು ಎರಡೂ ಇಲ್ಲೇ ಆಗಬೇಕು. ಡೇಟಾಬೇಸ್ ಫೈಲ್‌ನ ಪಾತ್ ಒಂದು ಅಟ್ರಿಬ್ಯೂಟ್‌ನಲ್ಲಿದ್ದರೆ ಸಾಕು. ಪಿಕಲ್ ಮಾಡುವ ಮೊದಲು ಕಮಿಟ್ ಮಾಡಿ, ಅಂದರೆ ಎಂಟ್ರಿಗಳನ್ನು ಡೇಟಾಬೇಸ್‌ನಲ್ಲಿ ಖಾಯಂ ಮಾಡಿ, ಇಲ್ಲದಿದ್ದರೆ ಕರೆಂಟ್ ಜೊತೆ ಕೊನೆಯ ಎಂಟ್ರಿಗಳೂ ಹೋಗುತ್ತವೆ.

ಹುಡುಕಿದಾಗ ಲ್ಯಾಂಬ್ಡಾ, ಅಂದರೆ ಹೆಸರಿಡದೆ ಬರೆದ ಪುಟ್ಟ ಫಂಕ್ಷನ್, ಸಿಕ್ಕಿಬಿದ್ದರೆ ಇಷ್ಟೆಲ್ಲ ಬೇಡ. ಪಿಕಲ್ ಫಂಕ್ಷನ್‌ನ ಕೋಡ್ ಬರೆಯುವುದಿಲ್ಲ, ಮಾಡ್ಯೂಲ್ ಮತ್ತು ಹೆಸರು ಬರೆಯುತ್ತದೆ ಅಷ್ಟೆ. ಲ್ಯಾಂಬ್ಡಾಗೆ ಹೆಸರೆಲ್ಲಿದೆ? ಅದನ್ನೇ ಫೈಲ್‌ನ ಮೇಲ್ಮಟ್ಟದಲ್ಲಿ ಡೆಫ್ ಹಾಕಿ ಬರೆಯಿರಿ. ಐಟಂಗಳನ್ನು ಒಂದೊಂದಾಗಿ ಕೊಡುವ ಪೈಥಾನ್ ಜನರೇಟರ್ ಇದ್ದರೆ ಅದನ್ನು ಲಿಸ್ಟ್ ಮಾಡಿಕೊಳ್ಳಿ.

ಹಾಂ, ಬೇರೆಯವರು ಕಳಿಸಿದ ಪಿಕಲ್ ಫೈಲ್ ತೆರೆಯಬೇಡಿ. ಲೋಡ್ ಮಾಡುವಾಗಲೇ ಅದರೊಳಗಿಂದ ಯಾವ ಕೋಡ್ ಬೇಕಾದರೂ ಓಡಬಹುದು. ಭಾವನಿಗೆ ನಾನು ಕಳಿಸುವ ವಾರದ ಲೆಕ್ಕ ಸುಮ್ನೆ ಒಂದು ಸಿಎಸ್‌ವಿ, ಅಲ್ಪವಿರಾಮ ಹಾಕಿದ ಬರೀ ಟೆಕ್ಸ್ಟ್ ಫೈಲ್.