ಬ್ರೋಕರ್ ಮುಳುಗಿದರೆ ಮೊದಲು ಯಾವ ಕಾಗದ ತೆಗೆಯಬೇಕು?

ನಾನು ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ ಮಾಡುವವಳು. ಯಾವುದಾದರೂ ಷೇರು ಬ್ರೋಕರ್ ಕಂಪನಿ ಮುಳುಗಿತು ಅಂತ ಸುದ್ದಿ ಬಂದರೆ ಜನ ಫೈಲ್ ಹಿಡಿದು ಬರುತ್ತಾರೆ. "ಮೇಡಂ, ದುಡ್ಡು ಹೋಯ್ತಾ?"

ಅದಕ್ಕೆ ಉತ್ತರ ಹೇಳುವ ಮೊದಲು ನಾನು ಸಿಎಎಸ್ ಕೇಳುತ್ತೇನೆ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿ, ಅಂದರೆ ಷೇರನ್ನು ಎಲೆಕ್ಟ್ರಾನಿಕ್ ಆಗಿ ಇಡುವ ಸಂಸ್ಥೆ, ಇಮೇಲಿಗೆ ಕಳಿಸುವ ಸ್ಟೇಟ್‌ಮೆಂಟ್ ಅದು. ಷೇರು ಇರುವುದು ಡಿಪಾಸಿಟರಿಯಲ್ಲಿ, ನಿಮ್ಮ ಹೆಸರಿನಲ್ಲಿ. ಬ್ರೋಕರ್ ಕೊಡುವ ಹಾಳೆಯಲ್ಲಿ ಅವನು ಏನು ಬೇಕಾದರೂ ಟೈಪ್ ಮಾಡಬಹುದು, ಅಲ್ವಾ?

ರಿಟೈರ್ಡ್ ಮೇಷ್ಟ್ರೊಬ್ಬರು ಎರಡನ್ನೂ ತಂದಿದ್ದರು. ಪಕ್ಕಪಕ್ಕ ಇಟ್ಟು ನೋಡಿದೆವು. ಬ್ರೋಕರ್ ಹಾಳೆಯಲ್ಲಿ ಷೇರೆಲ್ಲ ಸರಿಯಾಗಿತ್ತು. ಸಿಎಎಸ್‌ನಲ್ಲಿ ಮಾತ್ರ 'ಫ್ರೀ ಬ್ಯಾಲೆನ್ಸ್' (ಅಡವಿಲ್ಲದ ಷೇರು) ಸೊನ್ನೆ, ಪೂರ್ತಿ 'ಪ್ಲೆಜ್' (ಅಡವು) ಕಾಲಂನಲ್ಲಿ. ಮೇಷ್ಟ್ರು ಜನ್ಮದಲ್ಲಿ ಮಾರ್ಜಿನ್, ಅಂದರೆ ಷೇರು ಅಡವಿಟ್ಟು ಮಾಡುವ ವ್ಯವಹಾರ, ಮುಟ್ಟಿದವರಲ್ಲ.

ಫ್ರೀ ಬ್ಯಾಲೆನ್ಸ್ ಇದ್ದರೆ ಅರ್ಧ ಗೆದ್ದ ಹಾಗೆ. ಬೇರೆ ಕಡೆ ಡಿಮ್ಯಾಟ್ (ಷೇರು ಇಡುವ ಖಾತೆ) ತೆರೆದು ಷೇರು ಅಲ್ಲಿಗೆ ಸಾಗಿಸಿ. ಖಾತೆ ಮುಚ್ಚಿ ವರ್ಗಾಯಿಸುವ ಫಾರ್ಮ್ ಒಂದು, ಹೊಸ ಖಾತೆಯ ಕ್ಲೈಂಟ್ ಮಾಸ್ಟರ್ (ಖಾತೆ ವಿವರದ ಹಾಳೆ) ಒಂದು. ಜಂಟಿ ಖಾತೆಯಾದರೆ ಹೆಸರುಗಳ ಕ್ರಮ ಎರಡೂ ಕಡೆ ಒಂದೇ ಇರಲಿ.

ಷೇರು ಕಾಣೆಯಾಗಿದ್ದರೆ ಅಥವಾ ನಗದು ಸಿಕ್ಕಿಕೊಂಡಿದ್ದರೆ ದಾರಿ ಉದ್ದ. 2019ರ ನವೆಂಬರ್‌ನಲ್ಲಿ ಕಾರ್ವಿ ಎಂಬ ಬ್ರೋಕರ್ ಕಂಪನಿಯ ವಿರುದ್ಧ ಮಾರುಕಟ್ಟೆ ನಿಯಂತ್ರಕ ಸೆಬಿಯ ಆದೇಶ ಬಂತು. ಗ್ರಾಹಕರ ಷೇರು ಅಡವಿಟ್ಟು ಕಂಪನಿ ಸಾಲ ಎತ್ತಿತ್ತು. ಡಿಸೆಂಬರ್‌ನಲ್ಲಿ ಸುಮಾರು 83 ಸಾವಿರ ಜನರ ಷೇರು ವಾಪಸ್ ಬಂತು. ಉಳಿದವರು ಕಾಯಬೇಕಾಯಿತು. ಎನ್‌ಎಸ್‌ಇ ಎಂಬ ಷೇರು ಎಕ್ಸ್‌ಚೇಂಜ್ ಕಾರ್ವಿಯನ್ನು ಡಿಫಾಲ್ಟರ್ (ಬಾಕಿ ತೀರಿಸಲಾಗದ ಕಂಪನಿ) ಅಂತ ಘೋಷಿಸಿದ್ದು 2020ರ ನವೆಂಬರ್‌ನಲ್ಲಿ.

ಘೋಷಣೆ ಆಗುವವರೆಗೆ ಸುಮ್ನೆ ಕೂರಬೇಡಿ. ಸೆಬಿಯ ದೂರು ವೆಬ್‌ಸೈಟ್ ಆದ ಸ್ಕೋರ್ಸ್‌ನಲ್ಲಿ ದೂರು ಹಾಕಿ, ನಂಬರ್ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಮುಂಚೆ ಬ್ರೋಕರ್ ಆ್ಯಪ್ ತೆರೆದು ಲೆಡ್ಜರ್ (ಹಣದ ಲೆಕ್ಕ), ಕಾಂಟ್ರ್ಯಾಕ್ಟ್ ನೋಟ್ (ವ್ಯವಹಾರದ ರಸೀದಿ) ಎಲ್ಲ ಡೌನ್‌ಲೋಡ್ ಮಾಡಿ. ಆ್ಯಪ್ ಯಾವಾಗ ಬಂದ್ ಆಗುತ್ತದೋ ಹೇಳೋಕಾಗಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್ ಜೊತೆಗಿರಲಿ. ಘೋಷಣೆಯಾದ ಮೇಲೆ ಯಾವ ಎಕ್ಸ್‌ಚೇಂಜ್‌ನಲ್ಲಿ ವ್ಯವಹಾರ ಮಾಡಿದ್ದಿರೋ ಅಲ್ಲೇ ಕ್ಲೇಮ್ ಹಾಕಬೇಕು. ಬ್ರೋಕರ್ ಆಸ್ತಿಯಿಂದ ಸಾಲದಿದ್ದರೆ ಹೂಡಿಕೆದಾರರ ರಕ್ಷಣಾ ನಿಧಿಯಿಂದ ಕೊಡುತ್ತಾರೆ. ಅದಕ್ಕೂ ಮಿತಿ ಇದೆ. ಕಾರ್ವಿ ಪ್ರಕರಣದಲ್ಲಿ ಒಬ್ಬರಿಗೆ 25 ಲಕ್ಷ ರೂಪಾಯಿ.

ಮಾರುಕಟ್ಟೆ ಬಿದ್ದು ಆದ ನಷ್ಟಕ್ಕೆ ನಿಧಿ ಏನೂ ಕೊಡಲ್ಲ. "ತಿಂಗಳಿಗೆ ಇಷ್ಟು ಪರ್ಸೆಂಟ್ ಗ್ಯಾರಂಟಿ" ಅಂದವನಿಗೆ ಕೊಟ್ಟ ದುಡ್ಡಿಗೂ ಇಲ್ಲ, ಏಜೆಂಟನ ಸ್ವಂತ ಖಾತೆಗೆ ಹಾಕಿದ್ದಕ್ಕೂ ಇಲ್ಲ. ಅಂಥವರಿಗೆ ನಾನು ಪೊಲೀಸ್ ಸ್ಟೇಷನ್ ದಾರಿ ತೋರಿಸುತ್ತೇನೆ. ನನಗೂ ಬೇಜಾರೇ, ಆದರೆ ಸುಳ್ಳು ಆಸೆ ಹುಟ್ಟಿಸಿ ಏನು ಪ್ರಯೋಜನ?

ಇನ್ನೊಂದು, ಕ್ಲೇಮ್‌ಗೆ ಕೊನೆ ದಿನ ಇರುತ್ತದೆ. ಕಾರ್ವಿಯ ಹೂಡಿಕೆದಾರರಿಗೆ ಅದು ಮೊದಲು 2025ರ ಜೂನ್ 2 ಆಗಿತ್ತು, ಆಮೇಲೆ 2025ರ ಡಿಸೆಂಬರ್ 31ಕ್ಕೆ ಮುಂದೂಡಿದರು. ಎಕ್ಸ್‌ಚೇಂಜ್ ವೆಬ್‌ಸೈಟಿನ ಡಿಫಾಲ್ಟರ್ ಪಟ್ಟಿಯಲ್ಲಿ ನಿಮ್ಮ ಬ್ರೋಕರ್ ಹೆಸರನ್ನು ಆಗಾಗ ಹುಡುಕುತ್ತಿರಿ.