ಪರಿಚಿತ ಪದದ ಹುಟ್ಟನ್ನು ಹುಡುಕುವ ಬಗೆ

‘ಹಬ್ಬ’ ಅಚ್ಚಗನ್ನಡದ ಪದವೆಂದೇ ನಮ್ಮಲ್ಲಿ ಹೆಚ್ಚಿನವರ ಭಾವನೆ. ಅದರ ಮೂಲ ಸಂಸ್ಕೃತದ ‘ಪರ್ವ’. ಪರ್ವವೆಂದರೆ ಮೊದಲಿಗೆ ಬಿದಿರಿನಂಥ ಗಿಡಗಳ ಗೆಣ್ಣು. ಗೆಣ್ಣು ಕೋಲನ್ನು ಭಾಗ ಮಾಡುವಂತೆ ಅಮಾವಾಸ್ಯೆ ಹುಣ್ಣಿಮೆಗಳು ಕಾಲವನ್ನು ಭಾಗ ಮಾಡುವುದರಿಂದ ಆ ದಿನಗಳಿಗೂ, ಮುಂದೆ ಆ ದಿನಗಳ ಆಚರಣೆಗೂ ಅದೇ ಹೆಸರು ನಿಂತಿತು. ಮಹಾಭಾರತದ 18 ಪರ್ವಗಳು ಆ ಕಥೆಯ ಗೆಣ್ಣುಗಳು. ಗಂಟುಗಂಟಾಗಿ ಎದ್ದು ನಿಂತದ್ದು ಪರ್ವತ. ಹೀಗೆ ಹಬ್ಬವೂ ಪರ್ವತವೂ ಒಂದೇ ಬೇರಿನವು. ಇಂಥ ನಂಟು ಊಹೆಗೆ ಎಟುಕುವುದಿಲ್ಲ. ಕ್ರಮವರಿತು ಹುಡುಕಿದವರಿಗೆ ಮಾತ್ರ ದೊರೆಯುತ್ತದೆ. ಆ ಕ್ರಮವನ್ನು ನಾನು ತಿಳಿದಷ್ಟು ಇಲ್ಲಿ ವಿವರಿಸುತ್ತೇನೆ.

ಮೊದಲ ಕೆಲಸವೆಂದರೆ ಪದದ ಇಂದಿನ ರೂಪವನ್ನು ಬದಿಗಿಟ್ಟು ಅದರ ಅತ್ಯಂತ ಹಳೆಯ ರೂಪವನ್ನು ಹುಡುಕುವುದು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಉದ್ಧರಿಸುವುದರಿಂದ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಆಸರೆ ಇಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಯಾವ ಪದ ತದ್ಭವ (ಸಂಸ್ಕೃತದಿಂದ ಬಂದು ರೂಪ ಬದಲಿಸಿದ್ದು), ಯಾವುದು ಅನ್ಯದೇಶ್ಯ (ಬೇರೆ ಭಾಷೆಗಳಿಂದ ಬಂದದ್ದು) ಎಂಬ ಸೂಚನೆಯೂ ಸಿಗುತ್ತದೆ.

ಹಳೆಯ ರೂಪ ಕೈಗೆ ಬಂದ ಮೇಲೆ ಧ್ವನಿ ಬದಲಾದ ದಾರಿಯನ್ನು ಪರೀಕ್ಷಿಸಬೇಕು, ಮತ್ತು ಇಲ್ಲಿ ಅವಸರ ಸಲ್ಲದು. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರವು 10ನೆಯ ಶತಮಾನದ ಆಸುಪಾಸಿನಿಂದ ಹಕಾರವಾಗತೊಡಗಿತು: ಪುಲಿ ಹುಲಿಯಾಯಿತು, ಪಾವು ಹಾವಾಯಿತು, ಪೂ ಹೂವಾಯಿತು. ತಮಿಳು ತೆಲುಗುಗಳಲ್ಲಿ ಇಂದಿಗೂ ಅದು ‘ಪುಲಿ’ಯೇ. ಎರವಲು ಬಂದ ಪದಗಳೂ ಈ ಬದಲಾವಣೆಯಿಂದ ತಪ್ಪಿಸಿಕೊಳ್ಳಲಿಲ್ಲ. ಪಕ್ಷಿ ಹಕ್ಕಿಯಾದದ್ದು, ಪುಸ್ತಕವು ‘ಪೊತ್ತಗೆ’ಯ ಮೂಲಕ ಹೊತ್ತಗೆಯಾದದ್ದು, ಪರ್ವವು ‘ಪಬ್ಬ’ವಾಗಿ ಹಬ್ಬವಾದದ್ದು ಎಲ್ಲವೂ ಒಂದೇ ನಿಯಮಕ್ಕೆ ಒಳಪಟ್ಟಿವೆ. ನೀವು ಊಹಿಸಿದ ಬದಲಾವಣೆ ಬೇರೆ ಹತ್ತು ಪದಗಳಲ್ಲಿಯೂ ಹಾಗೆಯೇ ನಡೆದಿದ್ದರೆ ಅದನ್ನು ನಂಬಬಹುದು. ನಿಮ್ಮ ಒಂದು ಪದಕ್ಕಾಗಿ ಮಾತ್ರ ಅದನ್ನು ಒಪ್ಪಿಕೊಳ್ಳಬೇಕಾಗಿ ಬಂದರೆ ಆ ಊಹೆಯನ್ನು ಕೈಬಿಡಿ. 13ನೆಯ ಶತಮಾನದಲ್ಲಿಯೇ ಕೇಶಿರಾಜನು ತನ್ನ ವ್ಯಾಕರಣ ಗ್ರಂಥ ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳ ಇಂಥ ನಿಯಮಗಳಿಗಾಗಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ ಎಂಬುದನ್ನು ನೆನೆದಾಗ ನನಗೆ ಪ್ರತಿಸಲವೂ ಹೆಮ್ಮೆಯೆನಿಸುತ್ತದೆ.

ಪದದ ಅಕ್ಷರಗಳೂ ಸುಳಿವು ನೀಡುತ್ತವೆ. ಮಹಾಪ್ರಾಣಗಳು, ಶ, ಷ ಇವು ಅಚ್ಚಗನ್ನಡ ಪದಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಇದನ್ನು ತಿರುಗಿಸಿ ಹೇಳುವಂತಿಲ್ಲ, ಏಕೆಂದರೆ ಅಂಥ ಅಕ್ಷರ ಒಂದೂ ಇಲ್ಲದ ಹಬ್ಬವೇ ಸಂಸ್ಕೃತದಿಂದ ಬಂದದ್ದು. ಪದ ಯಾವ ವಲಯದಲ್ಲಿ ಬಳಕೆಯಾಗುತ್ತದೆ ಎಂಬುದು ಇನ್ನೊಂದು ಸುಳಿವು. ಅರ್ಜಿ, ವಕೀಲ, ತಾರೀಖು, ಜಿಲ್ಲೆ ಇವೆಲ್ಲ ಆಡಳಿತದ ಪದಗಳು, ಪಾರಸಿಯ ಮೂಲಕ ಬಂದ ಅರಬ್ಬಿ ಪದಗಳು. ಇವುಗಳಲ್ಲಿ ಜಿಲ್ಲೆಯ ಮೂಲಾರ್ಥ ಪಕ್ಕೆಲುಬು.

ಎರವಲು ಪದವಾದರೆ ಅದು ನಡೆದು ಬಂದ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಹಿಂದಕ್ಕೆ ಹಿಡಿಯಬೇಕು. ‘ಅಲಮಾರು’ ನಮಗೆ ಬಂದದ್ದು ಪೋರ್ಚುಗೀಸರ ‘ಅರ್ಮಾರಿಯು’ ಎಂಬ ಪದದಿಂದ. ಒಂದೇ ಪದದಲ್ಲಿ ಎರಡು ರಕಾರಗಳಿದ್ದಾಗ ಒಂದು ಲಕಾರವಾಗುವುದು ಹಲವು ಭಾಷೆಗಳಲ್ಲಿ ಕಾಣುವ ಸಂಗತಿ, ಇಲ್ಲಿಯೂ ಅದೇ ನಡೆದಿದೆ. ಪೋರ್ಚುಗೀಸ್ ಪದದ ಹಿಂದೆ ಲ್ಯಾಟಿನ್ನಿನ ‘ಅರ್ಮಾರಿಯುಮ್’ ಇದೆ, ಅದರೊಳಗೆ ಆಯುಧ, ಸಲಕರಣೆ ಎಂಬರ್ಥದ ‘ಅರ್ಮ’ ಇದೆ. ಸೈನ್ಯವನ್ನು ಸೂಚಿಸುವ ‘ಆರ್ಮಿ’ಯೂ ಆ ‘ಅರ್ಮ’ದಿಂದಲೇ ಹುಟ್ಟಿದ್ದು. ಬಟ್ಟೆ ಮಡಿಸಿಡುವ ಅಲಮಾರು ಮೂಲದಲ್ಲಿ ಆಯುಧ ಸಲಕರಣೆಗಳನ್ನಿಡುವ ಪೆಟ್ಟಿಗೆ. ಕುರ್ಚಿಯ ಪಯಣ ಇನ್ನೂ ದೀರ್ಘವಾದದ್ದು: ಅರಬ್ಬಿಯ ‘ಕುರ್ಸಿ’ಯ ಹಿಂದೆ ಅರಮಾಯಿಕ್, ಅದರ ಹಿಂದೆ ಅಕ್ಕಾಡಿಯನ್, ಅದಕ್ಕೂ ಹಿಂದೆ ಸುಮೇರಿಯನ್ ಭಾಷೆ.

ಈಗ ಹೆಚ್ಚಿನವರು ಎಡವುವ ಜಾಗಕ್ಕೆ ಬರೋಣ. ದಿನಸಿ ಎಂದರೆ ದಿನವೂ ಬೇಕಾಗುವ ಸಾಮಗ್ರಿ, ಆದ್ದರಿಂದ ಅದು ‘ದಿನ’ದಿಂದ ಬಂತು ಎಂದು ನಾನೂ ಬಹುಕಾಲ ನಂಬಿದ್ದೆ. ಅದರ ಇನ್ನೊಂದು ರೂಪ ‘ಜಿನಸು’ ಎಂಬುದು ಕಣ್ಣಿಗೆ ಬಿದ್ದ ದಿನ ಆ ನಂಬಿಕೆ ಕುಸಿಯಿತು. ಜಿನಸಿನ ಮೂಲ ಬಗೆ, ಜಾತಿ, ಸರಕು ಎಂಬರ್ಥದ ಅರಬ್ಬಿಯ ‘ಜಿನ್ಸ್’. ಅದರ ಮೂಲ ಗ್ರೀಕಿನ ‘ಗೆನೊಸ್’. ಈ ಗೆನೊಸ್ ಸಂಸ್ಕೃತದ ‘ಜನ’ ಶಬ್ದದ ಸೋದರ. ದಿನಸಿಗೆ ದಿನದೊಡನೆ ನಂಟಿಲ್ಲ, ಜನದೊಡನೆ ಇದೆ. ಅಪರಿಚಿತ ಪದವನ್ನು ಕಿವಿ ತನಗೆ ಪರಿಚಿತವಾದ ಪದಕ್ಕೆ ಒಗ್ಗಿಸಿಕೊಳ್ಳುವ ಈ ಬಗೆಯನ್ನು ಜನಪದ ನಿಷ್ಪತ್ತಿ ಎನ್ನುತ್ತಾರೆ. ಆದ್ದರಿಂದ ಒಂದು ವಿವರಣೆ ಅರ್ಥಕ್ಕೆ ಬಹಳ ಸಲೀಸಾಗಿ ಹೊಂದಿಕೊಂಡಾಗಲೇ ಹೆಚ್ಚು ಎಚ್ಚರ ಬೇಕು.

ಮೊದಲಕ್ಷರಗಳನ್ನು ಜೋಡಿಸಿ ಹೇಳುವ ವಿವರಣೆಗಳನ್ನಂತೂ ಕಾಲದ ಒರೆಗೆ ಹಚ್ಚಲೇಬೇಕು. ‘ನ್ಯೂಸ್’ ಎಂಬುದು ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದಾದ ಪದವೆಂದು ಅನೇಕರು ಕಲಿತಿರುತ್ತಾರೆ. ಆ ಪದ 15ನೆಯ ಶತಮಾನದಲ್ಲಿಯೇ ಬಳಕೆಯಲ್ಲಿತ್ತು, ಮೊದಲಕ್ಷರಗಳಿಂದ ಪದ ಕಟ್ಟುವ ರೂಢಿ ಬೆಳೆದದ್ದು 20ನೆಯ ಶತಮಾನದಲ್ಲಿ. ಅದು ಹೊಸದು ಎಂಬರ್ಥದ ‘ನ್ಯೂ’ ಪದದ ಬಹುವಚನ, ಅಷ್ಟೆ.

ನೋಡಲು ಒಂದೇ ತೆರನಾಗಿರುವುದು ನೆಂಟಸ್ತಿಕೆಗೆ ಸಾಕ್ಷಿಯಲ್ಲ. ಪೆನ್ನಿನ ಮೂಲ ಲ್ಯಾಟಿನ್ನಿನ ‘ಪೆನ್ನ’, ಅಂದರೆ ಹಕ್ಕಿಯ ಗರಿ. ಪೆನ್ಸಿಲ್ಲಿನದು ‘ಪೆನಿಸಿಲ್ಲುಸ್’, ಅಂದರೆ ಪುಟ್ಟ ಬಾಲ, ಅದರಿಂದ ಚಿತ್ರಕಾರನ ಕುಂಚ. ಒಂದೇ ಜೇಬಿನಲ್ಲಿ ಜೊತೆಯಾಗಿರುವ ಈ ಎರಡಕ್ಕೂ ಸಂಬಂಧವಿಲ್ಲ. ಆದರೆ ಸೂಕ್ಷ್ಮದರ್ಶಕದಲ್ಲಿ ಕುಂಚದಂತೆ ಕಾಣುವ ಬೂಷ್ಟಿನಿಂದ ಹೆಸರು ಪಡೆದ ‘ಪೆನಿಸಿಲಿನ್’ ಪೆನ್ಸಿಲ್ಲಿನ ಹತ್ತಿರದ ಬಂಧು.

ವ್ಯಕ್ತಿಯ ಹೆಸರಿನಿಂದ ಪದ ಹುಟ್ಟಿತೆಂದು ಯಾರಾದರೂ ಹೇಳಿದರೆ ವ್ಯಕ್ತಿ, ಸ್ಥಳ, ವರ್ಷ ಮೂರನ್ನೂ ಕೇಳಿ. ‘ಬಾಯ್ಕಾಟ್’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ: ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ ಜಮೀನುದಾರನೊಬ್ಬನ ಪ್ರತಿನಿಧಿಯಾಗಿದ್ದ ಚಾರ್ಲ್ಸ್ ಬಾಯ್ಕಾಟ್‌ನೊಡನೆ 1880ರಲ್ಲಿ ಸುತ್ತಲಿನ ಜನ ಎಲ್ಲ ವ್ಯವಹಾರ ನಿಲ್ಲಿಸಿದರು, ಅದೇ ವರ್ಷ ಅವನ ಹೆಸರು ಪತ್ರಿಕೆಗಳಲ್ಲಿ ಕ್ರಿಯಾಪದವಾಗಿ ಕಾಣಿಸಿಕೊಂಡಿತು.

ಹುಡುಕಿದ್ದನ್ನು ಬರೆದಿಡುವಾಗ ಪದಕ್ಕೊಂದು ಹಾಳೆ ಮೀಸಲಿಡಿ; ಪ್ರತಿ ಹಂತದ ರೂಪ, ಭಾಷೆ, ಅರ್ಥ, ಸಿಕ್ಕ ಹಳೆಯ ಪ್ರಯೋಗ ಇವನ್ನು ಸಾಲಾಗಿ ಬರೆಯಿರಿ, ಆಧಾರ ಸಿಗದ ಹಂತವನ್ನು ಖಾಲಿಯೇ ಬಿಡಿ. ಜಿಲ್ಲೆಯ ಹಾಳೆಯಲ್ಲಿ ಪಕ್ಕೆಲುಬು ಎಂಬ ಅರ್ಥಕ್ಕೂ ನಾಡಿನ ಆಡಳಿತ ವಿಭಾಗ ಎಂಬ ಅರ್ಥಕ್ಕೂ ನಡುವೆ ‘ಪಕ್ಕ, ಬದಿ’ ಎಂಬ ಸಾಲು ತುಂಬಿದಾಗಲೇ ಎಲುಬೊಂದು ಹೇಗೆ ನಾಡಿನ ಒಂದು ಭಾಗಕ್ಕೆ ಹೆಸರಾಯಿತೆಂಬುದು ತಿಳಿಯುತ್ತದೆ.